ಗುಲಾಬಿ ಕಾಗದ ಕೈಗೆ ಬಂದ ಮೇಲೆ: ಕ್ಯಾಲಿಫೋರ್ನಿಯಾದಲ್ಲಿ ನಿರ್ಬಂಧಿತ ಲೈಸೆನ್ಸ್

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವ, ಹೆಸರು ಮತ್ತು ಸಂಖ್ಯೆಗಳನ್ನು ಮಸುಕುಗೊಳಿಸಿರುವ ಈ ಗುಲಾಬಿ ಬಣ್ಣದ ಕಾಗದ ಫ್ರೀಮಾಂಟಿನಲ್ಲಿ ವಾಸವಾಗಿರುವ ನನ್ನ ಸ್ನೇಹಿತನೊಬ್ಬನದು. ಕುಡಿದು ಕಾರು ಓಡಿಸಿದ್ದಕ್ಕಾಗಿ ಪೊಲೀಸರು ಅವನನ್ನು ಬಂಧಿಸಿದ ರಾತ್ರಿ, ಅವನ ಕ್ಯಾಲಿಫೋರ್ನಿಯಾ ಲೈಸೆನ್ಸನ್ನು ತೆಗೆದುಕೊಂಡು ಅದರ ಬದಲಿಗೆ ಈ ಕಾಗದವನ್ನು ಕೊಟ್ಟರು. ಅವನ ಮತ್ತು ಅವನ ಹೆಂಡತಿಯ ಒಪ್ಪಿಗೆ ಪಡೆದೇ ಈ ವಿಡಿಯೋ ಮಾಡುತ್ತಿದ್ದೇನೆ. ನಮ್ಮ ಜನರಲ್ಲಿ ಇಂಥ ಸಂಗತಿಯನ್ನು ಮಾನಕ್ಕೆ ಅಂಜಿ ಮನೆಯೊಳಗೇ ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟುಕೊಂಡು ಕುಳಿತ ಮೊದಲ ಕೆಲವು ದಿನಗಳಲ್ಲೇ ಕಾನೂನು ಕೊಟ್ಟಿರುವ ಮುಖ್ಯವಾದ ಅವಕಾಶ ಕೈತಪ್ಪಿ ಹೋಗುತ್ತದೆ. ಆ ನಷ್ಟ ಇನ್ನೊಂದು ಮನೆಗೆ ಆಗಬಾರದು ಎನ್ನುವುದೇ ನನ್ನ ಕಾಳಜಿ.

ಈ ಕಾಗದ ಎರಡು ಕೆಲಸ ಮಾಡುತ್ತದೆ. ಒಂದು, ಇದು 30 ದಿನಗಳ ತಾತ್ಕಾಲಿಕ ಲೈಸೆನ್ಸ್. ಎರಡು, ಆ 30 ದಿನ ಮುಗಿದ ಕೂಡಲೇ ನಿಮ್ಮ ಲೈಸೆನ್ಸ್ ಅಮಾನತಾಗುತ್ತದೆ ಎಂಬ ನೋಟಿಸು. ಈ ಅಮಾನತನ್ನು ಪ್ರಶ್ನಿಸಬೇಕೆಂದಿದ್ದರೆ ನೋಟಿಸು ಕೈಸೇರಿದ 10 ದಿನಗಳೊಳಗೆ ಮೋಟಾರು ವಾಹನ ಇಲಾಖೆ, ಅಂದರೆ ಡಿಎಂವಿಯಲ್ಲಿ, ವಿಚಾರಣೆ ಕೋರಬೇಕು. ಸಮಯಕ್ಕೆ ಸರಿಯಾಗಿ ಕೋರಿದರೆ ತೀರ್ಮಾನ ಬರುವವರೆಗೆ ಅಮಾನತು ತಡೆಯಲ್ಪಡುತ್ತದೆ. ಸ್ನೇಹಿತ ಆ 10 ದಿನಗಳನ್ನು ಯಾರಿಗೂ ಹೇಳದೆ ಕಳೆದ. ಕೋರ್ಟಿನ ದಿನಾಂಕ ಇನ್ನೂ ದೂರವಿದೆ, ನ್ಯಾಯಾಧೀಶರ ಮುಂದೆ ಹೋದಾಗ ನೋಡಿಕೊಂಡರಾಯಿತು ಎಂದು ಅವನು ಭಾವಿಸಿದ್ದ. ಆದರೆ ಇಲ್ಲಿ ಕೋರ್ಟಿನ ಮೊಕದ್ದಮೆಯೇ ಬೇರೆ, ಡಿಎಂವಿಯ ಕ್ರಮವೇ ಬೇರೆ. 1990ರ ಜುಲೈಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡಾ 0.08 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೋರ್ಟಿನ ತೀರ್ಪಿಗೆ ಕಾಯದೆ ಡಿಎಂವಿಯೇ ಲೈಸೆನ್ಸನ್ನು ಅಮಾನತುಗೊಳಿಸುತ್ತದೆ. ವಕೀಲರು ಮುಂದೆ ಕೋರ್ಟಿನಲ್ಲಿ ಆರೋಪವನ್ನು ಹಗುರ ಮಾಡಿಸಿದರೂ ಈ ಅಮಾನತು ತಾನಾಗಿ ರದ್ದಾಗುವುದಿಲ್ಲ.

21 ವರ್ಷ ದಾಟಿದವರಿಗೆ, ಮೊದಲ ಸಲವಾದರೆ, ಉಸಿರು ಅಥವಾ ರಕ್ತದ ಪರೀಕ್ಷೆಗೆ ಒಪ್ಪಿದ್ದರೆ, ಅಮಾನತಿನ ಅವಧಿ 4 ತಿಂಗಳು. ಪರೀಕ್ಷೆಗೆ ನಿರಾಕರಿಸಿದ್ದರೆ ಒಂದು ವರ್ಷ, ಮತ್ತು ಅಂಥವರಿಗೆ ಡಿಎಂವಿಯ ಈ ಅಮಾನತಿನಲ್ಲಿ ನಿರ್ಬಂಧಿತ ಲೈಸೆನ್ಸ್, ಅಂದರೆ ಅಮಾನತಿನ ನಡುವೆಯೂ ಕೆಲವು ಷರತ್ತುಗಳ ಮೇಲೆ ಕಾರು ಓಡಿಸಲು ಕೊಡುವ ಲೈಸೆನ್ಸ್, ಸಿಗುವುದಿಲ್ಲ. ಉಳಿದವರಿಗೆ ಎರಡು ದಾರಿಗಳಿವೆ. ಮೊದಲನೆಯ ದಾರಿಯಲ್ಲಿ 30 ದಿನ ಸ್ಟೀರಿಂಗ್ ಮುಟ್ಟದೆ ಇದ್ದು, ಆಮೇಲೆ 5 ತಿಂಗಳು ಕೆಲಸಕ್ಕೆ, ಕೆಲಸದ ಅಗತ್ಯಗಳಿಗೆ ಮತ್ತು ಮದ್ಯಪಾನ ಕುರಿತ ತರಗತಿಗಳಿಗೆ ಮಾತ್ರ ಕಾರು ಓಡಿಸಬಹುದು. ಎರಡನೆಯ ದಾರಿಯಲ್ಲಿ ಆ 30 ದಿನಗಳ ಕಾಯುವಿಕೆಯೇ ಇಲ್ಲ: ಕಾರಿಗೆ ಇಗ್ನಿಷನ್ ಇಂಟರ್‌ಲಾಕ್ ಎಂಬ ಉಸಿರು ಪರೀಕ್ಷಿಸುವ ಉಪಕರಣವನ್ನು ಹಾಕಿಸಿಕೊಂಡರೆ ಆ 4 ತಿಂಗಳೂ ಎಲ್ಲಿಗೆ ಬೇಕಾದರೂ ಹೋಗಬಹುದು. ಈ ವ್ಯವಸ್ಥೆಯನ್ನು 2010ರಲ್ಲಿ, ಫ್ರೀಮಾಂಟ್ ಸೇರಿರುವ ಅಲಮೇಡಾ ಕೌಂಟಿಯೂ ಒಳಗೊಂಡಂತೆ ನಾಲ್ಕು ಕೌಂಟಿಗಳಲ್ಲಿ ಪ್ರಯೋಗವಾಗಿ ಆರಂಭಿಸಿ, 2019ರ ಜನವರಿ 1ರಿಂದ ಇಡೀ ರಾಜ್ಯಕ್ಕೆ ವಿಸ್ತರಿಸಿದರು. ನಿಯಮಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದೇನು ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಎರಡನೆಯ ದಾರಿಯೇ ಸರಿ ಎಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಕೆಲಸಕ್ಕೆ ಮಾತ್ರ ಎಂಬ ಲೈಸೆನ್ಸ್ ಕೇಳಲು ಸಾಕೆನ್ನಿಸುತ್ತದೆ, ಆದರೆ ಆಫೀಸಿಗೆ ಹೋಗುವ ದಾರಿಯಲ್ಲೇ ಇರುವ ಶಾಲೆಗೆ ಮಗುವನ್ನು ಬಿಡುವುದಾಗಲಿ, ಬರುವಾಗ ದಿನಸಿ ಕೊಳ್ಳಲು ನಿಲ್ಲುವುದಾಗಲಿ ಅದರಲ್ಲಿ ಸೇರುವುದಿಲ್ಲ. ಇಂಥ ಸಣ್ಣ ತಿರುವಿನಲ್ಲಿ ಪೊಲೀಸರು ನಿಲ್ಲಿಸಿದರೆ ಅಮಾನತಿನಲ್ಲಿ ಕಾರು ಓಡಿಸಿದ ಇನ್ನೊಂದು ಪ್ರಕರಣ ಹೆಗಲೇರುತ್ತದೆ, ಅದಕ್ಕೆ ಜೈಲು ಶಿಕ್ಷೆಯೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಆ ಲೈಸೆನ್ಸ್ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತದೆಯೇ ಹೊರತು ಕುಡಿದಿದ್ದೀರಾ ಎಂದು ಕೇಳುವುದಿಲ್ಲ. ಉಪಕರಣ ಕೇಳುವುದು ಅದೊಂದನ್ನೇ.

ಈಗ ಕಾರಿನ ಒಳಗೆ ನೋಡಿ. ಗೇರಿನ ಪಕ್ಕದಲ್ಲಿ, ಸುರುಳಿ ವೈರಿಗೆ ತೂಗುಹಾಕಿರುವ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದಾದ ಈ ಕಪ್ಪು ಪೆಟ್ಟಿಗೆಯೇ ಅದು. ಇದರ ಕೊಳವೆಗೆ ಬಾಯಿಟ್ಟು, ಅದು ಸೂಚನೆ ಕೊಡುವವರೆಗೆ ಒಂದೇ ಸಮನೆ ಊದಬೇಕು. ಆಲ್ಕೋಹಾಲ್ ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ, ದಾರಿಯಲ್ಲಿ ಹೋಗುತ್ತಿರುವಾಗಲೂ ಅದು ಆಗಾಗ ಸದ್ದು ಮಾಡಿ ಮತ್ತೆ ಊದಲು ಹೇಳುತ್ತದೆ. ಆಗ ಊದದಿದ್ದರೆ ಹೈವೇಯ ಮಧ್ಯದಲ್ಲಿ ಕಾರು ನಿಂತುಬಿಡುತ್ತದೆ ಎಂಬ ಭಯ ಅನೇಕರಿಗಿದೆ, ಅದು ನಿಜವಲ್ಲ. ಓಡುತ್ತಿರುವ ಎಂಜಿನ್ನನ್ನು ಉಪಕರಣ ನಿಲ್ಲಿಸುವುದಿಲ್ಲ, ತಪ್ಪಿದ್ದನ್ನು ದಾಖಲಿಸಿಕೊಳ್ಳುತ್ತದೆ. ಮೌತ್‌ವಾಶ್ ಮುಕ್ಕಳಿಸಿದ ಕೂಡಲೇ ಊದಿದರೆ ಅದರ ಆಲ್ಕೋಹಾಲೂ ಲೆಕ್ಕಕ್ಕೆ ಸಿಗುತ್ತದೆ, ಹಾಗಾಗಿ ನೀರಿನಲ್ಲಿ ಬಾಯಿ ತೊಳೆದು ಸ್ವಲ್ಪ ಹೊತ್ತು ಕಾದು ಊದುವುದು ಒಳ್ಳೆಯದು. 60 ದಿನಗಳಿಗೊಮ್ಮೆ ಅಳವಡಿಸಿದವರ ಬಳಿ ಒಯ್ದು ಪರಿಶೀಲನೆ ಮಾಡಿಸಬೇಕು, ಮಾಡಿಸದಿದ್ದರೆ ಡಿಎಂವಿಗೆ ವರದಿ ಹೋಗುತ್ತದೆ. ಮನೆಯಲ್ಲಿ ಒಂದೇ ಕಾರಿದ್ದರೆ ಹೆಂಡತಿಯೂ ಪ್ರತಿ ಸಲ ಊದಲೇಬೇಕು. ಎಂದೂ ಮದ್ಯ ಮುಟ್ಟದ ಆಕೆ ಬೆಳಿಗ್ಗೆ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಈ ಕೊಳವೆಗೆ ಬಾಯಿಡುವುದನ್ನು ನಾನು ಕಂಡಿದ್ದೇನೆ. ಶಿಕ್ಷೆ ಒಬ್ಬನಿಗೆ ಸೀಮಿತವಾಗಿ ಉಳಿಯುವುದಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಲೈಸೆನ್ಸಿಗಾಗಿ ಡಿಎಂವಿಗೆ ತಲುಪಬೇಕಾದ ದಾಖಲೆಗಳು ಇವು: ರಾಜ್ಯದ ಮಾನ್ಯತೆ ಪಡೆದ ಡಿಯುಐ, ಅಂದರೆ ಕುಡಿದು ವಾಹನ ಓಡಿಸಿದವರಿಗಾಗಿ ನಡೆಸುವ, ತರಗತಿಗೆ ಸೇರಿದ್ದಕ್ಕೆ ಪುರಾವೆ, ಉಪಕರಣ ಅಳವಡಿಸಿದ ಪ್ರಮಾಣಪತ್ರ, ಎಸ್‌ಆರ್-22 ಎಂಬ ವಿಮೆಯ ಪುರಾವೆ ಮತ್ತು 125 ಡಾಲರ್ ಶುಲ್ಕ. ಮೊದಲ ಪ್ರಕರಣಕ್ಕೆ ತರಗತಿ ಸಾಮಾನ್ಯವಾಗಿ 3 ತಿಂಗಳದು. ಆಲ್ಕೋಹಾಲ್ ಪ್ರಮಾಣ ಶೇಕಡಾ 0.20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೋರ್ಟು 9 ತಿಂಗಳ ತರಗತಿಗೆ ಕಳಿಸುತ್ತದೆ. ಇವುಗಳಲ್ಲಿ ತಡವಾಗುವುದು ವಿಮೆಯ ಕಾಗದ. ಎಲ್ಲ ವಿಮಾ ಕಂಪನಿಗಳೂ ಎಸ್‌ಆರ್-22 ಸಲ್ಲಿಸಲು ಒಪ್ಪುವುದಿಲ್ಲ, ಒಪ್ಪುವ ಕಂಪನಿ ಪ್ರೀಮಿಯಂ ಏರಿಸುತ್ತದೆ, ಇದನ್ನು ಹುಡುಕುವುದರಲ್ಲೇ ಸ್ನೇಹಿತನ ತಾತ್ಕಾಲಿಕ ಲೈಸೆನ್ಸಿನ ಅವಧಿ ಮುಗಿದು ಅಮಾನತು ಆರಂಭವಾಯಿತು. ಮುಂದಿನ ಕೆಲವು ವಾರ ಅವನು ಫ್ರೀಮಾಂಟಿನಿಂದ ಮಿಲ್ಪಿಟಾಸ್‌ವರೆಗೆ ಬಾರ್ಟ್ ರೈಲಿನಲ್ಲಿ, ಅಲ್ಲಿಂದ ವಿಟಿಎ ಲೈಟ್ ರೈಲಿನಲ್ಲಿ ಆಫೀಸಿಗೆ ಹೋಗಿಬಂದ. ನೀವು ನೋಡುತ್ತಿರುವ ರೈಲಿನ ದೃಶ್ಯಗಳು ಆಗಿನವು. ಉಪಕರಣದ ಖರ್ಚನ್ನು ನೆನೆದು ಹಿಂಜರಿಯುವವರಿಗೆ ಒಂದು ಮಾತು: ಆದಾಯ ಕಡಿಮೆ ಇರುವವರಿಗೆ ಈ ರಾಜ್ಯದ ಕಾನೂನು ರಿಯಾಯಿತಿ ಕೊಡುತ್ತದೆ, ಫೆಡರಲ್ ಬಡತನ ರೇಖೆಯ ಕೆಳಗಿರುವವರು ವೆಚ್ಚದ ಶೇಕಡಾ 10ರಷ್ಟನ್ನು ಮಾತ್ರ ಕೊಟ್ಟರೆ ಸಾಕು.

ಕುಡಿದು ಓಡಿಸಿದವರಿಗೆ ಇಷ್ಟು ಅನುಕೂಲವಾದರೂ ಏಕೆ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. 1980ರ ಮೇ ತಿಂಗಳಲ್ಲಿ ಇದೇ ರಾಜ್ಯದ ಫೇರ್ ಓಕ್ಸ್ ಎಂಬ ಊರಿನಲ್ಲಿ, ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದ 13 ವರ್ಷದ ಕ್ಯಾರಿ ಲೈಟ್ನರ್ ಎಂಬ ಹುಡುಗಿಯನ್ನು, ಹಿಂದೆಯೂ ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದ ವ್ಯಕ್ತಿಯೊಬ್ಬ ಕಾರು ಹಾಯಿಸಿ ಕೊಂದ. ಅವಳ ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಕಟ್ಟಿದ ಮ್ಯಾಡ್ ಎಂಬ ಸಂಘಟನೆಯ ಹೋರಾಟದಿಂದ ಈ ದೇಶದ ಕಾನೂನುಗಳು ಬಿಗಿಯಾದವು. ಇಂದು ಇಂಟರ್‌ಲಾಕ್ ಉಪಕರಣಗಳಿಗಾಗಿ ಒತ್ತಾಯಿಸುತ್ತಿರುವುದೂ ಅದೇ ಸಂಘಟನೆ. ಲೈಸೆನ್ಸ್ ಕಿತ್ತುಕೊಂಡ ಮಾತ್ರಕ್ಕೆ ಜನ ಕಾರು ಓಡಿಸುವುದನ್ನು ಬಿಡುವುದಿಲ್ಲ, ಕುಡಿದಾಗ ಕಾರೇ ಚಾಲೂ ಆಗದಿದ್ದರೆ ಮಾತ್ರ ಬೇರೆಯವರ ಮಕ್ಕಳು ಉಳಿಯುತ್ತಾರೆ ಎಂಬುದು ಅವರ ವಾದ. 2022ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಕುಡಿದ ಚಾಲಕರಿದ್ದ ಅಪಘಾತಗಳಲ್ಲಿ 13,524 ಜನ ಸತ್ತರು. ಈ ಸಂಖ್ಯೆಯ ಮುಂದೆ ನಾಲ್ಕು ತಿಂಗಳು ಕೊಳವೆಗೆ ಊದುವುದನ್ನು ಅವಮಾನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಊರಿನಿಂದ ಬರುವ ಒಂದು ಸಲಹೆಯನ್ನು ಇಲ್ಲಿ ತಳ್ಳಿಹಾಕಲೇಬೇಕು. ಇಂಡಿಯಾದ ಲೈಸೆನ್ಸ್ ಇದೆಯಲ್ಲ, ಅದನ್ನೇ ತೋರಿಸಿ ಓಡಿಸು ಎಂದು ಸ್ನೇಹಿತನಿಗೆ ಬಂಧುಗಳು ಫೋನಿನಲ್ಲಿ ಹೇಳಿದರು. ಕ್ಯಾಲಿಫೋರ್ನಿಯಾ ಅಮಾನತುಗೊಳಿಸಿರುವುದು ಈ ರಾಜ್ಯದ ರಸ್ತೆಗಳಲ್ಲಿ ವಾಹನ ಓಡಿಸುವ ನಿಮ್ಮ ಅನುಮತಿಯನ್ನು. ಯಾವ ದೇಶದ ಕಾರ್ಡು ಜೇಬಿನಲ್ಲಿದ್ದರೂ, ಅಂತರರಾಷ್ಟ್ರೀಯ ಪರವಾನಗಿ ಇದ್ದರೂ ಅದು ಮರಳಿ ಬರುವುದಿಲ್ಲ. ನಮ್ಮೂರಿನ ಕಾನೂನು ಸಡಿಲ ಎಂಬ ಭಾವನೆಯೂ ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 185ನೆಯ ಸೆಕ್ಷನ್ನಿನ ಪ್ರಕಾರ ಬೆಂಗಳೂರಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಅಪರಾಧ, ಇಲ್ಲಿನ ಮಿತಿ 80 ಮಿಲಿಗ್ರಾಂ.

ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. 2015ರಿಂದ ಇರುವ ನೀತಿಯಂತೆ, ಕುಡಿದು ಓಡಿಸಿದ ಪ್ರಕರಣದಲ್ಲಿ ಬಂಧನವಾದರೆ, ತೀರ್ಪು ಬರುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದುಪಡಿಸಬಹುದು. ಹಾಗಾದಾಗ ಇಲ್ಲಿ ಉಳಿದು ಕೆಲಸ ಮಾಡಲು ಸಾಮಾನ್ಯವಾಗಿ ತಕ್ಷಣ ಅಡ್ಡಿಯಾಗುವುದಿಲ್ಲ, ಆದರೆ ತಂದೆತಾಯಿಯನ್ನು ನೋಡಲೆಂದು ಊರಿಗೆ ಹೋದರೆ ಮರಳುವ ಮೊದಲು ಹೊಸ ವೀಸಾಕ್ಕೆ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆಗೂ ಒಳಗಾಗಬೇಕಾಗುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ಕೊಳ್ಳುವ ಮೊದಲು ವಲಸೆ ವಕೀಲರೊಡನೆ ಮಾತನಾಡಿ. ಡಿಎಂವಿ ಕೊಡುವ ನಿರ್ಬಂಧಿತ ಲೈಸೆನ್ಸಿಗೂ ವೀಸಾಕ್ಕೂ ಸಂಬಂಧವಿಲ್ಲ.

ಅವಧಿ ಮುಗಿದು ಉಪಕರಣವನ್ನು ತೆಗೆಸಿದ ಮೇಲೂ ಎಸ್‌ಆರ್-22 ವಿಮೆಯನ್ನು ಒಟ್ಟು 3 ವರ್ಷ ಮುಂದುವರಿಸಬೇಕು, ನಡುವೆ ಒಂದು ಕಂತು ತಪ್ಪಿದರೂ ವಿಮಾ ಕಂಪನಿ ಡಿಎಂವಿಗೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಅಮಾನತಾಗುತ್ತದೆ. ಕಂತನ್ನು ಬ್ಯಾಂಕಿನಿಂದ ತಾನಾಗಿ ಕಟ್ಟುವಂತೆ ಮಾಡಿಟ್ಟುಕೊಳ್ಳಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ಗುಲಾಬಿ ಕಾಗದ ಈಗ ಇದ್ದರೆ, ಅದರ ಮೇಲಿನ ದಿನಾಂಕವನ್ನು ಇವತ್ತೇ ನೋಡಿ, 10 ದಿನ ಇನ್ನೂ ಮುಗಿದಿಲ್ಲವಾದರೆ ಮೊದಲು ವಕೀಲರಿಗೆ ಫೋನ್ ಮಾಡಿ.