ತಂಬೂರಿಯ ಕಿವಿಗೆ ಜಾಝ್

ಆತ್ಮೀಯ ಕೇಳುಗರಿಗೆ ಬೆಳಗಾವಿಯಿಂದ ನಮಸ್ಕಾರ.

ಅಮೆರಿಕದಲ್ಲಿ ಹುಟ್ಟಿದ ಜಾಝ್ ನಮ್ಮ ಸಂಗೀತವಲ್ಲ, ಅದು ಬರೀ ಗದ್ದಲ, ಅದನ್ನು ಸವಿಯಲು ಬೇರೆಯೇ ಕಿವಿ ಬೇಕು ಎಂಬ ಮಾತನ್ನು ಈ ಊರಿನ ಸಂಗೀತ ಬಲ್ಲ ಹಿರಿಯರ ಬಾಯಲ್ಲಿ ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಆ ಹಿರಿಯರ ಮೇಲಿನ ಗೌರವವನ್ನು ಕಿಂಚಿತ್ತೂ ಕಡಿಮೆ ಮಾಡಿಕೊಳ್ಳದೆ, ಆ ಮಾತನ್ನು ನಾನು ಒಪ್ಪುವುದಿಲ್ಲ ಎಂದು ಹೇಳಲು ಇಂದು ನಿಮ್ಮ ಮುಂದೆ ಕುಳಿತಿದ್ದೇನೆ. ಹಿಂದುಸ್ತಾನಿ ಸಂಗೀತದ ಖಯಾಲ್ ಗಾಯನ ಕೇಳಿ ಬೆಳೆದ ಕಿವಿ ಜಾಝ್ ಕೇಳಲು ಅರ್ಧಕ್ಕಿಂತ ಹೆಚ್ಚು ಸಿದ್ಧವಾಗಿಯೇ ಇರುತ್ತದೆ. ಉಳಿದದ್ದನ್ನು ಕಲಿಯಬೇಕು, ಅದಕ್ಕೆ ತಾಳ್ಮೆ ಬೇಕು. ಆದರೆ ಕಲಿತವರಿಗೆ ಸಿಗುವ ಸುಖ ಆಯುಷ್ಯವಿಡೀ ಸಾಲುತ್ತದೆ.

ನಮ್ಮ ಭಾಗದಲ್ಲಿ ಕಿವಿಗೆ ಸಂಸ್ಕಾರ ಸಿಗುವುದು ಕಷ್ಟದ ಮಾತಲ್ಲ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ನಮ್ಮ ಪಕ್ಕದ ಊರು. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಮಿರಜ್, ತಂಬೂರಿ ಮಾಡಿಸಬೇಕೆಂದವರು ಇಂದಿಗೂ ರೈಲು ಹತ್ತಿ ಹೋಗುವ ಊರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರ ಕಂಠ, ಬೈಠಕ್‌ಗೆ ಹೋಗಲು ಅನುಕೂಲವಿಲ್ಲದವರ ಮನೆಗೂ ಬಂದಿತು. ಇದರ ಜೊತೆಗೆ ಮರಾಠಿ ನಾಟ್ಯಗೀತೆಗಳು, ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತ, ಸವದತ್ತಿಯ ಜಾತ್ರೆಗೆ ಹೊರಟ ಜೋಗತಿಯರ ಚೌಡಿಕೆಯ ನಾದ, ಶ್ರಾವಣದ ಭಜನೆ. ಇಷ್ಟೆಲ್ಲ ಕೇಳಿದ ಕಿವಿಗೆ ಲೋಕದ ಯಾವ ಸಂಗೀತವೂ ಪೂರ್ತಿ ಅಪರಿಚಿತವಾಗಿರಲಾರದು ಎಂದು ನಾನು ನಂಬಿದ್ದೇನೆ.

ನನ್ನ ಮಟ್ಟಿಗೆ ಜಾಝ್ ಬಂದದ್ದು ರೇಡಿಯೋದ ಶಾರ್ಟ್‌ವೇವ್ ಮೂಲಕ. ವಿಲಿಸ್ ಕಾನೋವರ್ ಎಂಬುವರು 1955ರಿಂದ ವಾಯ್ಸ್ ಆಫ್ ಅಮೆರಿಕಾದಲ್ಲಿ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಮನೆಮಾತಲ್ಲದವರಿಗೂ ತಿಳಿಯಬೇಕೆಂದು ಅವರು ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ, ಗಂಭೀರವಾದ ದನಿಯಲ್ಲಿ ಹೇಳುತ್ತಿದ್ದರು. ವಾದಕರ ಹೆಸರು, ವಾದ್ಯ, ಮುದ್ರಣದ ವರ್ಷ, ಅಷ್ಟು ಸಾಕು, ಉಳಿದದ್ದನ್ನು ಸಂಗೀತಕ್ಕೇ ಬಿಡುತ್ತಿದ್ದರು. ಹೊರದೇಶಗಳಿಗಾಗಿ ಮಾಡಿದ ಆ ಪ್ರಸಾರವನ್ನು ಸ್ವದೇಶದೊಳಗೆ ಬಿತ್ತರಿಸಲು ಅಲ್ಲಿನ ಕಾಯ್ದೆಯ ಅವಕಾಶವಿರಲಿಲ್ಲವಾದ್ದರಿಂದ, ಬೆಳಗಾವಿಯ ಒಬ್ಬ ಹುಡುಗನಿಗೆ ಪರಿಚಿತವಾದ ಆ ದನಿ ಅಮೆರಿಕದ ಬಹುಪಾಲು ಜನರಿಗೆ ಅಪರಿಚಿತವಾಗಿತ್ತು. ಅಲೆ ಏರಿಳಿಯುತ್ತಿತ್ತು, ನಡುನಡುವೆ ಬೇರೆ ನಿಲಯದ ಸುದ್ದಿ ನುಗ್ಗುತ್ತಿತ್ತು. ಆದರೂ ಕಿವಿಗೊಟ್ಟು ಕೇಳುವ ಅಭ್ಯಾಸವನ್ನು ನನಗೆ ಕಲಿಸಿದ್ದು ಆ ಅಸ್ಪಷ್ಟತೆಯೇ ಇರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜಾಝ್‌ನ ತಾಯಿಬೇರು ಬ್ಲೂಸ್. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಗುಲಾಮಗಿರಿಯ ನೋವನ್ನು ಉಂಡ ಕಪ್ಪು ಜನಾಂಗದವರ ಮಕ್ಕಳು, ಮೊಮ್ಮಕ್ಕಳು ಹಾಡಿಕೊಂಡ ಹಾಡು ಅದು. ಅದರ ಅತ್ಯಂತ ರೂಢಿಯ ರೂಪದಲ್ಲಿ ಹನ್ನೆರಡು ಖಂಡಗಳಿರುತ್ತವೆ, ಒಂದೊಂದು ಖಂಡದಲ್ಲಿ ನಾಲ್ಕು ಎಣಿಕೆಗಳು. ಒಟ್ಟು 48. ನಮ್ಮ ವಿಲಂಬಿತ, ಅಂದರೆ ನಿಧಾನ ಗತಿಯ, ಏಕತಾಲವನ್ನು ಕೇಳುವಾಗ ನಾವು ಏನು ಮಾಡುತ್ತೇವೆ? ಹನ್ನೆರಡು ಮಾತ್ರೆಗಳು ಬಹಳ ದೂರ ದೂರ ಬೀಳುವುದರಿಂದ ಪ್ರತಿ ಮಾತ್ರೆಯನ್ನು ನಾಲ್ಕಾಗಿ ಒಡೆದು ಬೆರಳ ಮೇಲೆ ಎಣಿಸುತ್ತೇವೆ. ಅದೂ 48. ಬ್ಲೂಸ್‌ಗೂ ಏಕತಾಲಕ್ಕೂ ರಕ್ತಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ಇದು ಕಾಕತಾಳೀಯ. ಆದರೆ ಇಷ್ಟು ಉದ್ದದ ಒಂದು ಆವರ್ತನವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಕಲಾವಿದ ಎಲ್ಲಿದ್ದಾನೆ, ಸಮಕ್ಕೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಹೇಗೆ ಬರುತ್ತಾನೆ ಎಂದು ಕಾಯುವುದು ನಮಗೆ ರೂಢಿಯಾಗಿದೆ. ಜಾಝ್ ಕೇಳುಗ ಮಾಡುವುದೂ ಅದನ್ನೇ. ಚೀಜಿನ ಮುಖಡಾ, ಅಂದರೆ ಹಾಡಿನ ಮೊದಲ ಸಾಲನ್ನು ಹಿಡಿದು ನಮ್ಮ ಗಾಯಕರು ವಿಸ್ತಾರಕ್ಕೆ ಹೊರಡುವಂತೆ, ಅವರು ಮೊದಲು ಹಾಡಿನ ಧಾಟಿಯನ್ನು ಒಮ್ಮೆ ನುಡಿಸಿ, ಆಮೇಲೆ ಒಬ್ಬೊಬ್ಬರೇ ಅದೇ ಆವರ್ತನದ ಮೇಲೆ ತಮ್ಮ ತಮ್ಮ ವಿಚಾರವನ್ನು ಬೆಳೆಸುತ್ತಾರೆ. ಬರೆದಿಟ್ಟದ್ದು ಸ್ವಲ್ಪ, ಆ ಗಳಿಗೆಯಲ್ಲಿ ಹುಟ್ಟುವುದು ಬಹಳ.

ಬ್ಲೂಸ್‌ನ ಗಾಂಧಾರವನ್ನು, ಅಂದರೆ ಮೂರನೆಯ ಸ್ವರವನ್ನು, ಗಮನಿಸಿ. ಅದು ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ನರಳುತ್ತದೆ. ಪಿಯಾನೋದಲ್ಲಿ ಅಂಥ ಸ್ವರಕ್ಕೆ ಜಾಗವಿಲ್ಲದ್ದರಿಂದ ವಾದಕರು ಎರಡೂ ಗಾಂಧಾರಗಳನ್ನು ಒಟ್ಟಿಗೆ ಒತ್ತುತ್ತಾರೆ, ಇಲ್ಲವೇ ಒಂದರಿಂದ ಇನ್ನೊಂದಕ್ಕೆ ಬೆರಳು ಜಾರಿಸುತ್ತಾರೆ. ದರಬಾರಿ ಕಾನಡಾ ರಾಗದ ಆಂದೋಲಿತ, ಅಂದರೆ ತೂಗಾಡುವ, ಗಾಂಧಾರಕ್ಕಾಗಿ ಅರ್ಧ ಗಂಟೆ ಕಾದು ಕುಳಿತ ಜನ ನಾವು. ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಆ ಗಾಂಧಾರ ಸಿಗುವುದಿಲ್ಲ ಎಂಬುದೂ ನಮಗೆ ಗೊತ್ತು. ಬ್ಲೂಸ್ ಹಾಡುವವನ ಸ್ವರದ ನೋವು ನಮಗೆ ಹೊಸದಾಗಿ ವಿವರಿಸಬೇಕಾದ ಸಂಗತಿಯಲ್ಲ.

ವಾದಕರಿಬ್ಬರು ನಾಲ್ಕು ನಾಲ್ಕು ಖಂಡಗಳನ್ನು ಹಂಚಿಕೊಂಡು, ಒಬ್ಬ ಎಸೆದ ಮಾತನ್ನು ಇನ್ನೊಬ್ಬ ಹಿಡಿದು, ಅದನ್ನು ತಿರುಗಿಸಿ ಮರಳಿ ಎಸೆಯುವ ಒಂದು ಪದ್ಧತಿ ಜಾಝ್‌ನಲ್ಲಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಹಳ್ಳಿಗಳಲ್ಲಿ ಹರದೇಶಿ ನಾಗೇಶಿ ಎಂಬ ಹಾಡಿಕೆಯ ಮೇಳಗಳು ಎದುರುಬದುರು ನಿಂತು ಸವಾಲು ಜವಾಬಿನಲ್ಲಿ ಬೆಳಗು ಹರಿಸುವುದನ್ನು ಕಂಡವರಿಗೆ ಅದರ ರುಚಿ ಕ್ಷಣದಲ್ಲಿ ಹತ್ತುತ್ತದೆ.

ಇನ್ನು ಕಲಿಯಬೇಕಾದದ್ದು. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ, ಅಂದರೆ ಆಧಾರ ಸ್ವರವಾದ ಸಾ, ಕದಲುವುದಿಲ್ಲ. ಎಲ್ಲ ಸ್ವರಗಳೂ ಆ ಒಂದು ನೆಲದ ಮೇಲೆ ನಿಂತು ತಮ್ಮ ಅರ್ಥವನ್ನು ಪಡೆಯುತ್ತವೆ. ಜಾಝ್‌ನಲ್ಲಿ ಆ ನೆಲವೇ ಸರಿಯುತ್ತದೆ. ಇದೇ ನಮ್ಮ ಕೇಳುಗರಿಗೆ ಗೊಂದಲವಾಗುವ ಜಾಗ, ಗದ್ದಲವೆಂದು ತೋರುವುದೂ ಇದೇ. ಮನೆಯಲ್ಲಿ ಪೇಟಿ ಇದ್ದವರು ಒಂದು ಪ್ರಯೋಗ ಮಾಡಿ ನೋಡಬಹುದು. ಸಾ, ಗ, ಪ ಈ ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದು ನಾಲ್ಕು ಖಂಡ ಎಣಿಸಿ. ಆಮೇಲೆ ಮ, ಧ, ತಾರ ಸಾ ಹಿಡಿದು ಎರಡು ಖಂಡ. ಮತ್ತೆ ಸಾ, ಗ, ಪ ಎರಡು ಖಂಡ. ಬಳಿಕ ಪ, ನಿ, ತಾರ ರಿ ಒಂದು ಖಂಡ, ಮ, ಧ, ಸಾ ಒಂದು ಖಂಡ, ಕೊನೆಗೆ ಸಾ, ಗ, ಪಕ್ಕೆ ಮರಳಿ ಎರಡು ಖಂಡ. ಇದೇ ಬ್ಲೂಸ್‌ನ ಪೂರ್ತಿ ಆವರ್ತನ. ಷಡ್ಜದಿಂದ ಹೊರಟು ಮಧ್ಯಮದ ಮನೆಗೆ ಹೋದಾಗ ಮನಸ್ಸಿಗೆ ಏನಾಗುತ್ತದೆ, ಪಂಚಮದ ಮೇಲೆ ನಿಂತಾಗ ಮರಳಬೇಕೆಂಬ ಹಂಬಲ ಹೇಗೆ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಅನುಭವಿಸಿದರೆ, ಆಮೇಲೆ ಟ್ರಂಪೆಟ್ ಏನು ನುಡಿಸಿದರೂ ಅದರ ಕೆಳಗೆ ಸರಿಯುತ್ತಿರುವ ನೆಲ ಕಿವಿಗೆ ಕಾಣತೊಡಗುತ್ತದೆ. ಅದನ್ನು ಹಿಡಿಯಬೇಕೆಂದರೆ ಮೇಲಿನ ವಾದ್ಯವನ್ನು ಬಿಟ್ಟು ಬಾಸ್ ವಾದ್ಯಕ್ಕೆ ಕಿವಿ ಕೊಡಿ. ದಪ್ಪ ತಂತಿಗಳ ಆ ದೊಡ್ಡ ವಾದ್ಯವೇ ದಾರಿ ತೋರಿಸುವುದು.

ಲಯದಲ್ಲಿಯೂ ಒಂದು ವ್ಯತ್ಯಾಸವಿದೆ. ನಾವು ಸಮದ ಮೇಲೆ ತೂಕ ಹಾಕುತ್ತೇವೆ. ಅವರು ನಾಲ್ಕರ ಎಣಿಕೆಯಲ್ಲಿ ಎರಡು ಮತ್ತು ನಾಲ್ಕನ್ನು ಒತ್ತುತ್ತಾರೆ, ಪ್ರತಿ ಎಣಿಕೆಯನ್ನೂ ಸರಿಸಮವಾಗಿ ಒಡೆಯದೆ ಮೊದಲರ್ಧವನ್ನು ಉದ್ದ, ಎರಡನೆಯದನ್ನು ಗಿಡ್ಡ ಮಾಡುತ್ತಾರೆ. ಅದಕ್ಕೆ ಸ್ವಿಂಗ್ ಎನ್ನುತ್ತಾರೆ. ಅದು ವಿವರಣೆಯಿಂದ ಬರುವಂಥದ್ದಲ್ಲ, ಕೇಳುತ್ತ ಕೇಳುತ್ತ ಮೈಗೆ ಹತ್ತುತ್ತದೆ.

ನೆಲ ಸರಿಯುವುದೇ ಬೇಡವೆನ್ನುವವರಿಗೆ ಸುಲಭದ ಒಂದು ಬಾಗಿಲಿದೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಚ್ 2 ಮತ್ತು ಏಪ್ರಿಲ್ 22 ಈ ಎರಡು ದಿನಗಳಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ ಎಂಬ ಗ್ರಾಮಾಫೋನ್ ತಟ್ಟೆ. ಅದರ ಮೊದಲ ರಚನೆ ‘ಸೋ ವಾಟ್’ನಲ್ಲಿ 32 ಖಂಡಗಳ ಆವರ್ತನವಿದೆ. ಮೊದಲ 16 ಖಂಡಗಳ ಸ್ವರಸಮೂಹ ನಮ್ಮ ಕಾಫಿ ಥಾಟದ್ದೇ. ಗಾಂಧಾರ ನಿಷಾದಗಳು ಕೋಮಲ, ಉಳಿದವು ಶುದ್ಧ. ಮುಂದಿನ 8 ಖಂಡಗಳಲ್ಲಿ ಅದೇ ಕಾಫಿ ಅರ್ಧ ಸ್ವರ ಮೇಲಕ್ಕೆ, ಕೋಮಲ ರಿಷಭವೇ ಷಡ್ಜವಾದಂತೆ, ಏರಿ ನಿಲ್ಲುತ್ತದೆ. ಕೊನೆಯ 8 ಖಂಡಗಳಲ್ಲಿ ಮೊದಲಿನ ಷಡ್ಜಕ್ಕೆ ಇಳಿದುಬರುತ್ತದೆ. ಇಷ್ಟೇ ಚೌಕಟ್ಟು. ಇದರೊಳಗೆ ಮೈಲ್ಸ್ ಡೇವಿಸ್ ಎಷ್ಟು ಕಡಿಮೆ ಸ್ವರಗಳನ್ನು ನುಡಿಸುತ್ತಾರೆ, ಒಂದು ಸ್ವರಕ್ಕೂ ಇನ್ನೊಂದು ಸ್ವರಕ್ಕೂ ನಡುವೆ ಎಷ್ಟು ಜಾಗ ಬಿಡುತ್ತಾರೆ ಎಂಬುದನ್ನು ಕೇಳಿದಾಗ ನನಗೆ ಕುಮಾರ ಗಂಧರ್ವರ ನೆನಪಾಗುತ್ತದೆ. ಕ್ಷಯದಿಂದ ಒಂದು ಶ್ವಾಸಕೋಶವನ್ನು ಕಳೆದುಕೊಂಡು, ವರ್ಷಗಟ್ಟಲೆ ಮೌನವಾಗಿದ್ದು ಮರಳಿ ಹಾಡಲು ಕುಳಿತ ಕುಮಾರರೂ ಚಿಕ್ಕ ಚಿಕ್ಕ ತುಣುಕುಗಳನ್ನು ಎಸೆದು, ನಡುವೆ ಮೌನವನ್ನು ಬಿಟ್ಟು, ಆ ಮೌನವನ್ನೂ ರಾಗದೊಳಗೆ ಸೇರಿಸಿದವರು. ಅದೇ ತಟ್ಟೆಯಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಜಾನ್ ಕೋಲ್ಟ್ರೇನ್‌ರದು ಇದಕ್ಕೆ ವಿರುದ್ಧವಾದ ದಾರಿ, ತಾನಗಳ, ಅಂದರೆ ವೇಗದ ಸ್ವರಸಾಲುಗಳ, ಪ್ರವಾಹ. ಅವರಿಗೆ ನಮ್ಮ ಸಂಗೀತದ ಮೇಲಿದ್ದ ಪ್ರೀತಿ ಎಷ್ಟೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಹೆಸರಿನ ಮೇಲೆ ರವಿ ಎಂದೇ ಹೆಸರಿಟ್ಟರು.

ಜಾಝ್ ಅಮೆರಿಕದಿಂದ ಇಲ್ಲಿಗೆ ಬಂದ ದಾರಿಯಲ್ಲಿ ನಮ್ಮ ನೆರೆಯ ಗೋವೆಯವರ ಪಾಲು ದೊಡ್ಡದು. ಪೋರ್ಚುಗೀಸರ ಕಾಲದ ಚರ್ಚಿನ ಶಾಲೆಗಳಲ್ಲಿ ಅಲ್ಲಿನ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿಸುತ್ತಿದ್ದರು. 1935ರಲ್ಲಿ ಲಿಯಾನ್ ಅಬ್ಬೆ ತಮ್ಮ ವಾದ್ಯವೃಂದದೊಂದಿಗೆ ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಬಂದ ಮೇಲೆ, ಅಂಥ ಕಪ್ಪು ಅಮೆರಿಕನ್ ಕಲಾವಿದರಿಂದ ನೇರವಾಗಿ ಜಾಝ್ ಕೇಳಿ, ಕಲಿತು, ಜೊತೆಗೂಡಿ ನುಡಿಸಿದವರಲ್ಲಿ ಗೋವೆಯ ವಾದಕರು ಬಹಳ. ಅಲ್ದೋನಾದ ಆಂಟೋನಿಯೊ ಝೇವಿಯರ್ ವಾಜ್, ಚಿಕ್ ಚಾಕೊಲೇಟ್ ಎಂಬ ಹೆಸರಿನಿಂದ ಖ್ಯಾತರಾದವರು, ಹಿಂದಿ ಚಿತ್ರಗೀತೆಗಳಿಗೂ ಟ್ರಂಪೆಟ್ಟಿನ ಆ ಹುರುಪನ್ನು ತಂದರು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಹಾಡುಗಳನ್ನು ಗುನುಗಿದವರೆಲ್ಲ ತಮಗೆ ತಿಳಿಯದೆಯೇ ಜಾಝ್ ಕೇಳಿದವರು.

ಎರಡು ಸಂಗೀತಗಳನ್ನು ಬೆರೆಸುವುದರ ಬಗ್ಗೆ ನನ್ನ ಅಭಿಪ್ರಾಯ ತುಸು ಬಿಗಿ. ಒಂದು ವೇದಿಕೆಯ ಮೇಲೆ ತಬಲಾ, ಗಿಟಾರು ಕೂಡಿಸಿದ ಮಾತ್ರಕ್ಕೆ ಸಂಗಮವಾಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಪಳಗಿದವರಾಗಿರಬೇಕು, ಎದುರಿನವರ ಮನೆಗೆ ಶಿಷ್ಯರಾಗಿ ಹೋಗಬೇಕು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೋ ಹಾಗೆ ನಾದಸ್ವರವನ್ನು ಕಲಿತರು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಳಗದೊಂದಿಗೆ, ಆರ್. ಎ. ರಮಾಮಣಿಯವರ ಗಾಯನದೊಂದಿಗೆ ನುಡಿಸಿದರು. 1983ರ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಅದರ ಫಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಆ ಲೋಹದ ವಾದ್ಯದಿಂದ ಗಮಕ ಹೊರಡಿಸಲು ವರ್ಷಗಳನ್ನು ತೆತ್ತರು. 2008ರಲ್ಲಿ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪನವರ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ಕೇಳಿದಾಗ, ಕರ್ನಾಟಕದ ಬೇರಿನ ಇಬ್ಬರು ಒಂದೇ ವಾದ್ಯದಲ್ಲಿ ಎರಡು ಭಾಷೆ ಮಾತಾಡಿ ಪರಸ್ಪರ ಅರ್ಥವಾಗುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.

ಕೇಳುಗನ ಪಾತ್ರದ ಬಗ್ಗೆಯೂ ಹೇಳಬೇಕು. 1956ರ ಜುಲೈ 7ರ ರಾತ್ರಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ ನುಡಿಸುತ್ತಿತ್ತು. ಟೆನರ್ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವಿಸ್ ಎದ್ದು ನಿಂತು ಬ್ಲೂಸ್ ಆವರ್ತನವನ್ನು ಬಿಡದೆ 27 ಸಲ ಸುತ್ತಿದರು. (ಅವರ ಹೆಸರು ನಮಗೆ ಗೋವೆಯದೆನಿಸುವುದು ಸಹಜ; ಅವರ ಮನೆತನ ಪೋರ್ಚುಗೀಸರೇ ಆಳಿದ ಕೇಪ್ ವರ್ಡ್ ದ್ವೀಪಗಳದ್ದು.) ಅಷ್ಟರಲ್ಲಿ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು, ಜನ ಆಸನ ಬಿಟ್ಟೆದ್ದರು, ಕೂಗು ಏರಿದಂತೆ ವಾದನವೂ ಏರಿತು. ಧ್ವನಿಮುದ್ರಿಕೆಯಲ್ಲಿ ಆ ಕೂಗು ಇಂದಿಗೂ ಕೇಳಿಸುತ್ತದೆ. ನಮ್ಮ ಬೈಠಕ್‌ಗಳಲ್ಲಿ ಸರಿಯಾದ ಜಾಗದಲ್ಲಿ ಬಿದ್ದ ಒಂದು ‘ವಾಹ್’ ಗಾಯಕನನ್ನು ಇನ್ನೊಂದು ಆವರ್ತನ ಹಾಡಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೀಗೆ ಸ್ಥಳದಲ್ಲೇ ಹುಟ್ಟುವ ಸಂಗೀತಕ್ಕೆ ಕೇಳುಗ ಹೊರಗಿನವನಲ್ಲ.

ಈ ಭಾಷಣದ ನಂತರ ಲೂಯಿ ಆರ್ಮ್‌ಸ್ಟ್ರಾಂಗ್ ಅವರು 1928ರ ಜೂನ್ 28ರಂದು ಶಿಕಾಗೋದಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಪ್ರಸಾರವಾಗಲಿದೆ. ಮೂರು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಅಬ್ದುಲ್ ಕರೀಂ ಖಾನರ ಹಳೆಯ ತಟ್ಟೆಗಳನ್ನು ಕೇಳಿದವರಿಗೆ ಅಷ್ಟು ಸಮಯದಲ್ಲಿ ಎಷ್ಟು ಹಿಡಿಸಬಹುದೆಂದು ಹೇಳಬೇಕಾಗಿಲ್ಲ. ಮೊದಲು ಟ್ರಂಪೆಟ್ ಒಂಟಿಯಾಗಿ, ಠೇಕಾ, ಅಂದರೆ ತಾಳದ ಆಸರೆ, ಇಲ್ಲದೆ, ಆಲಾಪದಂತೆ ಮೇಲೇರಿ ಇಳಿಯುತ್ತದೆ. ಆಮೇಲೆ ಎಲ್ಲರೂ ಕೂಡುತ್ತಾರೆ, ಅಲ್ಲಿಂದ ಎಣಿಸತೊಡಗಿ. ಟ್ರೊಂಬೋನಿನ ಆವರ್ತನವಾದ ಮೇಲೆ ಕ್ಲಾರಿನೆಟ್ಟಿಗೆ ಆರ್ಮ್‌ಸ್ಟ್ರಾಂಗ್ ಪದಗಳಿಲ್ಲದೆ, ಬರೀ ಕಂಠದಿಂದ ಜವಾಬು ಕೊಡುತ್ತಾರೆ. ನಂತರ ಅರ್ಲ್ ಹೈನ್ಸ್ ಅವರ ಪಿಯಾನೋ. ಕೊನೆಯ ಆವರ್ತನದಲ್ಲಿ ಟ್ರಂಪೆಟ್ ತಾರಸಪ್ತಕದ ಒಂದೇ ಸ್ವರವನ್ನು ನಾಲ್ಕು ಖಂಡಗಳಷ್ಟು ಕಾಲ ಹಿಡಿದು ನಿಲ್ಲುತ್ತದೆ. ಬೆರಳ ಮೇಲಿನ ಎಣಿಕೆಯನ್ನು ಅಲ್ಲಿ ಮಾತ್ರ ಬಿಡಬೇಡಿ.

ನಮಸ್ಕಾರ.