ಏನೂ ಆಗದ ದಿನವನ್ನೂ ಬರೆದಿಡಿ

ನಮಸ್ಕಾರ. ಹೊಟ್ಟೆ ಉಬ್ಬರಿಸಿದಾಗ ನಾವೆಲ್ಲರೂ ಕೊನೆಯದಾಗಿ ತಿಂದದ್ದರ ಮೇಲೆ ತಪ್ಪು ಹೊರಿಸುತ್ತೇವೆ. ನಾನೂ ಹಾಗೆಯೇ ಮಾಡಿದೆ. ರಾತ್ರಿ ಹಾಲು ಕುಡಿದು ಮಲಗಿದರೆ ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಹಾಲು ನನಗೆ ಒಗ್ಗುವುದಿಲ್ಲವೆಂದು ನಾನೇ ತೀರ್ಮಾನಿಸಿ ಎರಡು ವರ್ಷ ಅದನ್ನು ಮುಟ್ಟಲಿಲ್ಲ. ಉಬ್ಬರ ನಿಲ್ಲಲಿಲ್ಲ. ಆಮೇಲೆ ಮೊಸರು ಬಿಟ್ಟೆ, ಗೋಧಿ ಬಿಟ್ಟೆ. ಕೊನೆಗೆ ಆಹಾರ ತಜ್ಞೆಯೊಬ್ಬರು, ಬಿಟ್ಟದ್ದನ್ನೆಲ್ಲ ಮತ್ತೆ ತಿನ್ನಿ, ಆದರೆ ಎರಡು ವಾರ ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ ಎಂದರು.

ಆ ಪುಸ್ತಕದ ಒಂದು ಪುಟ ಈಗ ನನ್ನ ಮುಂದಿದೆ. ಎಡಗಡೆ ಸಮಯ, ನಡುವೆ ತಿಂದದ್ದು ಮತ್ತು ಅದರ ಪ್ರಮಾಣ, ಬಲಗಡೆ ಹೊಟ್ಟೆಯ ಸ್ಥಿತಿ. ಸಂಜೆ 5 ಗಂಟೆ, ಹಸಿ ಈರುಳ್ಳಿ, ಒಂದು ಇಡೀ ಗಡ್ಡೆ. ರಾತ್ರಿ 9.30, ಹಾಲು, ಒಂದು ಲೋಟ. ರಾತ್ರಿ 10, ಉಬ್ಬರ, ಹತ್ತಕ್ಕೆ ಏಳು. ಈ ಪುಟವೊಂದನ್ನೇ ನೋಡಿದರೆ ಯಾರಾದರೂ ಹಾಲನ್ನೇ ದೂರುತ್ತಾರೆ. ಆದರೆ ಆ ಹದಿನಾಲ್ಕು ರಾತ್ರಿಯೂ ನಾನು ಹಾಲು ಕುಡಿದಿದ್ದೆ, ಉಬ್ಬರ ಬಂದದ್ದು ಐದು ರಾತ್ರಿ ಮಾತ್ರ, ಮತ್ತು ಆ ಐದೂ ದಿನ ಸಂಜೆಯ ಸಾಲಿನಲ್ಲಿ ಈರುಳ್ಳಿ ಇತ್ತು. ಉಳಿದ ಒಂಬತ್ತು ರಾತ್ರಿಗಳ ಎದುರು ‘ಏನೂ ಇಲ್ಲ’ ಎಂದು ಬರೆದಿರದಿದ್ದರೆ ಹಾಲಿನ ಪರವಾಗಿ ಸಾಕ್ಷಿಯೇ ಇರುತ್ತಿರಲಿಲ್ಲ.

ಇದರ ಹಿಂದಿರುವ ಕಾರಣ ಸರಳವಾಗಿದೆ. ಈರುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ಅಂಶವನ್ನು ನಮ್ಮ ಸಣ್ಣ ಕರುಳು ಜೀರ್ಣಿಸಲಾರದು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುವ ಹೊತ್ತಿಗೆ ಕೆಲವು ಗಂಟೆಗಳೇ ಕಳೆದಿರುತ್ತವೆ, ಅಷ್ಟರಲ್ಲಿ ನಾವು ಬೇರೇನನ್ನೋ ತಿಂದು ಮುಗಿಸಿರುತ್ತೇವೆ. ಇನ್ನು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕಡಿಮೆ ಇರುವವರಲ್ಲಿಯೂ ಹಲವರು ಒಮ್ಮೆಗೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಹೆಚ್ಚುಕಡಿಮೆ ಒಂದು ಲೋಟ ಹಾಲನ್ನು, ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಆದ್ದರಿಂದ ‘ಹಾಲು’ ಎಂದಷ್ಟೇ ಬರೆದರೆ ಸಾಲದು. ಎಷ್ಟು ಹಾಲು ಎಂಬುದೇ ಮುಖ್ಯ. ನಿದ್ದೆ, ಮುಟ್ಟಿನ ದಿನಗಳು, ಮಾತ್ರೆಗಳು, ಸಾರ್ಬಿಟಾಲ್ ಎಂಬ, ಹೊಟ್ಟೆ ಉಬ್ಬರಿಸಬಲ್ಲ ಸಿಹಿಕಾರಕ ಇರುವ ಸಕ್ಕರೆರಹಿತ ಚೂಯಿಂಗ್ ಗಮ್, ಇವುಗಳಿಗೂ ಪುಟದಲ್ಲಿ ಜಾಗ ಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಬಿಟ್ಟ ಆಹಾರಗಳ ಪಟ್ಟಿಯನ್ನು ಚಿಕ್ಕದು ಮಾಡುವುದಕ್ಕಾಗಿಯೇ ಈ ಪುಸ್ತಕ ಇರಬೇಕು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಫ್ರಕ್ಟಾನ್, ಲ್ಯಾಕ್ಟೋಸ್ ಮೊದಲಾದ ಹುದುಗುವ ಅಂಶಗಳನ್ನು ಕಡಿಮೆ ಮಾಡುವ ಫಾಡ್‌ಮ್ಯಾಪ್ ಪಥ್ಯದಲ್ಲಿ ಆಹಾರಗಳನ್ನು ಬಿಡುವ ಹಂತ 2ರಿಂದ 6 ವಾರ ಮಾತ್ರ. ನಂತರ ಒಂದೊಂದನ್ನೇ, ಪ್ರಮಾಣ ಹೆಚ್ಚಿಸುತ್ತಾ, ಮತ್ತೆ ತಿಂದು ನೋಡಬೇಕು. ಎಷ್ಟೋ ಜನ ಮೊದಲ ಹಂತದಲ್ಲಿ ತುಸು ಹಾಯೆನಿಸಿದ ಕೂಡಲೇ ಅಲ್ಲಿಯೇ ನಿಂತುಬಿಡುತ್ತಾರೆ, ತಟ್ಟೆ ವರ್ಷದಿಂದ ವರ್ಷಕ್ಕೆ ಬರಿದಾಗುತ್ತದೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯವನ್ನು (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನನ್ನು) ಅಳೆದು ನಿಮಗೆ ಒಗ್ಗದ ಆಹಾರಗಳಿವು ಎಂದು ಉದ್ದನೆಯ ಪಟ್ಟಿ ಕೊಡುವ ಪರೀಕ್ಷೆಗಳನ್ನು ನಂಬಿಯೂ ಜನ ಹೀಗೆ ಊಟ ಬಿಡುತ್ತಾರೆ. ಆ ಪ್ರತಿಕಾಯ ನಾವು ಆ ಆಹಾರವನ್ನು ತಿಂದಿದ್ದೇವೆಂದು ತೋರಿಸುತ್ತದೆಯೇ ಹೊರತು ಅದು ಒಗ್ಗುವುದಿಲ್ಲವೆಂದು ಹೇಳುವುದಿಲ್ಲ. ಅಲರ್ಜಿ ತಜ್ಞರ ಸಂಘಗಳು ಅದನ್ನು ಈ ಉದ್ದೇಶಕ್ಕೆ ಬಳಸಬೇಡಿ ಎಂದೇ ಹೇಳುತ್ತವೆ.

ಮನೆಯಲ್ಲಿ ಪುಸ್ತಕ ಹಿಡಿದು ಕೂರಬಾರದ ಸಂದರ್ಭಗಳೂ ಇವೆ. ತಿಂದ ಕೂಡಲೇ ತುಟಿ ಊದಿದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರನ್ನು ಕಾಣಬೇಕು. ಗೋಧಿಯ ಮೇಲೆ ಅನುಮಾನವಿದ್ದರೆ, ಗೋಧಿಯಲ್ಲಿನ ಗ್ಲುಟೆನ್ ಎಂಬ ಅಂಶದಿಂದ ಸಣ್ಣ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಆಗುವವರೆಗೆ ದಯವಿಟ್ಟು ಗೋಧಿ ತಿನ್ನುವುದನ್ನು ನಿಲ್ಲಿಸಬೇಡಿ, ಏಕೆಂದರೆ ಮೊದಲೇ ಬಿಟ್ಟವರಲ್ಲಿ ಕಾಯಿಲೆ ಇದ್ದರೂ ಪರೀಕ್ಷೆಗೆ ಸಿಗದೆ ಹೋಗಬಹುದು.

ಈರುಳ್ಳಿಯನ್ನೂ ನಾನು ಪೂರ್ತಿ ಬಿಡಲಿಲ್ಲ. ಮೂರು ವಾರಗಳ ನಂತರದ ಪುಟದಲ್ಲಿ ಹೀಗೆ ಬರೆದಿದ್ದೇನೆ: ಸಂಜೆ 5.30, ಈರುಳ್ಳಿ, ಕಾಲು ಗಡ್ಡೆ. ರಾತ್ರಿ 9.30, ಹಾಲು, ಒಂದು ಲೋಟ. ರಾತ್ರಿ 11, ಏನೂ ಇಲ್ಲ.