ಆಫ್ರಿಕಾದ ಆಳ ಸರೋವರಗಳಲ್ಲಿ ಮರಳು ಎಲ್ಲೆಂದರಲ್ಲಿ ಯಾಕೆ ಸಿಗಲ್ಲ?

ನಮಸ್ಕಾರ, ಪುಣೆಯಿಂದ. ಪಿಂಪ್ರಿಯ ವೀಕ್ಷಕರೊಬ್ಬರ ಪ್ರಶ್ನೆ: "ಸರ್, ಟ್ಯಾಂಗನೀಕಾ ಸರೋವರದ ಸುತ್ತ ಅಷ್ಟೆತ್ತರದ ಬೆಟ್ಟಗಳಿವೆ. ಹಾಗಿದ್ರೆ ಒಳಗೆಲ್ಲ ಮರಳು ತುಂಬಿರಬೇಕಲ್ವಾ?"

ಇಲ್ಲ. ದೊಡ್ಡ ಮರಳು ರಾಶಿ ಬೀಳುವುದು ಕೆಲವೇ ಕಡೆ. ಯಾವ ಕಡೆ ಅನ್ನುವುದನ್ನು ಸರೋವರಕ್ಕಿಂತ ಹಳೆಯ ನೆಲ ಬಹುಮಟ್ಟಿಗೆ ತೀರ್ಮಾನಿಸಿರುತ್ತದೆ.

ಮೊದಲ ಪಾಠ ಬೇಗ ಮುಗಿಸೋಣ. ಭೂಮಿಯ ಹೊರಪದರವನ್ನು ಎರಡು ಕಡೆಗೆ ಎಳೆದರೆ ಸೀಳು ಬಿಡುತ್ತದೆ. ನಡುವಿನ ನೆಲ ಕುಸಿಯುತ್ತದೆ, ನೀರು ನಿಲ್ಲುತ್ತದೆ. ಇದೇ ರಿಫ್ಟ್ ಸರೋವರ. ಟ್ಯಾಂಗನೀಕಾದ ಆಳ ಸುಮಾರು 1,470 ಮೀಟರ್!

ಈಗ ಮಜಾ ಶುರು. ನಡು ಕುಸಿದಾಗ ಅಂಚು ಮೇಲೇಳುತ್ತದೆ, ಸರೋವರಕ್ಕೆ ಬೆನ್ನು ಹಾಕಿ ವಾಲುತ್ತದೆ. ಅಲ್ಲಿ ಬಿದ್ದ ಮಳೆ ಆಚೆ ಕಡೆ ಹರಿದುಹೋಗುತ್ತದೆ. ನಮ್ಮ ಸಹ್ಯಾದ್ರಿಯೂ ಹೀಗೇ ಸೀಳಿದ ನೆಲದ ಅಂಚು. ಮುಠಾ ನದಿಗೆ ಅರಬ್ಬೀ ಸಮುದ್ರ ಎಷ್ಟು ಹತ್ತಿರ! ಆದರೂ ಅದರ ನೀರು ಭೀಮೆ ಸೇರಿ ಕಲಬುರಗಿ ಕಡೆ ಹೋಗುತ್ತದೆ.

(ಉಗಾಂಡದ ನಕ್ಷೆ)

ಈ ನಕ್ಷೆಯನ್ನು ಸ್ವಲ್ಪ ನಿಂತು ನೋಡೋಣ. ಇದು ಕಾಫು ನದಿ. ಒಂದು ಕಾಲಕ್ಕೆ ಇದು ಪಶ್ಚಿಮಕ್ಕೆ, ಈಗ ಆಲ್ಬರ್ಟ್ ಸರೋವರ ಇರುವ ಕಡೆಗೆ ಹರಿಯುತ್ತಿತ್ತು. ಅಂಚು ಮೇಲೆದ್ದಿತು, ನದಿ ತಿರುಗಿ ಪೂರ್ವಕ್ಕೆ ಹೊರಟಿತು. ಆದರೆ ಉಪನದಿಗಳನ್ನು ನೋಡಿ: ಅವು ಇಂದಿಗೂ ಪಶ್ಚಿಮಕ್ಕೆ ಓರೆಯಾಗಿ ಬಂದು ಸೇರುತ್ತವೆ, ಹಿಂದುಮುಂದಾದ ಬಾಣಗಳ ಹಾಗೆ. ಲಕ್ಷಾಂತರ ವರ್ಷ ಕಳೆದರೂ ಹಳೆಯ ದಾರಿ ನೆಲದಲ್ಲಿ ಅಚ್ಚೊತ್ತಿದೆ. ಪಕ್ಕದ ಕಟೋಂಗ ಕಣಿವೆಯಲ್ಲಂತೂ ನಡುವೆ ಜೌಗು, ಅಲ್ಲಿಂದ ನೀರು ಎರಡೂ ದಿಕ್ಕಿಗೆ ಹರಿಯುತ್ತದೆ. ಹೀಗೆ ತಡೆದು ನಿಂತ ನೀರಿನಿಂದಲೇ ವಿಕ್ಟೋರಿಯಾ ಸರೋವರ ಆಯಿತು. ಆಲ್ಬರ್ಟ್‌ಗೆ ಬರಬೇಕಿದ್ದ ಮರಳೂ ಪೂರ್ವಕ್ಕೇ ತಿರುಗಿತು. ನದಿ ದಿಕ್ಕು ಬದಲಿಸಿದರೆ ಮರಳಿನ ವಿಳಾಸವೇ ಬದಲಾಗುತ್ತದೆ!

ಆದರೆ ಹಟ ಬಿಡದ ನದಿಗಳೂ ಇವೆ. ಟಾಂಜಾನಿಯಾದ ಮಲಗರಾಸಿ ಟ್ಯಾಂಗನೀಕಾಗಿಂತ ಹಳೆಯದು, ಮೊದಲು ಕಾಂಗೋ ಕಡೆ ಹರಿಯುತ್ತಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ದಾರಿಗೆ ಅಡ್ಡ ಸರೋವರ ಹುಟ್ಟಿತು. ನದಿ ತನ್ನ ಹಳೆಯ ದಾರಿಯಲ್ಲೇ ಬಂದು, ಪೂರ್ವ ದಡದಲ್ಲಿ ದೊಡ್ಡ ಮುಖಜಭೂಮಿ ಕಟ್ಟುತ್ತಿದೆ.

ಬಂಡೆ ಯಾವುದು ಎಂಬುದೂ ಮುಖ್ಯ.

(ಎರಡು ತಟ್ಟೆ, ಭೂತಗನ್ನಡಿ)

ಇದು ಪುಣೆಯ ಕಟ್ಟಡಗಳಿಗೆ ಬಳಸುವ ಕ್ರಶ್ ಸ್ಯಾಂಡ್, ನಮ್ಮ ಕರಿಕಲ್ಲಿನ, ಅಂದರೆ ಲಾವಾ ತಣ್ಣಗಾಗಿ ಆದ ಬಸಾಲ್ಟಿನ, ಪುಡಿ. ಪೂರ್ತಿ ಮಂಕು. ಇದು ತುಂಗಭದ್ರೆಯ ಉಸುಕು, ಗ್ರಾನೈಟ್ ಸೀಮೆಯದು. ಗಾಜಿನಂತೆ ಹೊಳೆಯುವ ಕಾಳು ಕಾಣುತ್ತಾ? ಅದು ಕ್ವಾರ್ಟ್ಜ್, ಸುಲಭಕ್ಕೆ ಸವೆಯುವುದಿಲ್ಲ. ಕರಿಕಲ್ಲಿನಲ್ಲಿ ಕ್ವಾರ್ಟ್ಜ್ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತರೆ ಎರೆಮಣ್ಣಾಗುತ್ತದೆ. ನದಿಯ ಮೇಲ್ಭಾಗದಲ್ಲಿ ಬರೀ ಲಾವಾ ಇದ್ದರೆ ಸರೋವರಕ್ಕೆ ಒಳ್ಳೆಯ ಮರಳಿಗಿಂತ ಜೇಡಿಯೇ ಜಾಸ್ತಿ.

ಸಮಯ ಕಡಿಮೆ ಇದೆ, ಉಳಿದದ್ದು ಚುಟುಕಾಗಿ. ಕಡಿದಾದ ದಡದಲ್ಲಿ ಗಿಡ್ಡ ಹಳ್ಳಗಳು ದಪ್ಪ ಜಲ್ಲಿಯನ್ನು ಬುಡದಲ್ಲೇ ಸುರಿಯುತ್ತವೆ. ಒಂದು ಸೀಳು ಮುಗಿದು ಇನ್ನೊಂದು ಶುರುವಾಗುವ ತಗ್ಗಿನಲ್ಲಿ ನದಿಗೆ ದಾರಿ ಸಿಗುತ್ತದೆ. ನೀರಿನ ಮಟ್ಟ ಇಳಿದರೆ ಮರಳು ಇನ್ನೂ ಒಳಕ್ಕೆ ಹೋಗುತ್ತದೆ. ಹಳೆಯ ಬರಗಾಲಗಳಲ್ಲಿ ಮಲಾವಿ ಸರೋವರ 500 ಮೀಟರ್‌ಗಿಂತ ಜಾಸ್ತಿ ಇಳಿದಿತ್ತು.

ಇದರಿಂದ ಉಪಯೋಗ ಏನು ಅಂತೀರಾ? ಮರಳು ಎಲ್ಲಿ ಬಿದ್ದಿದೆ ಅಂತ ತಿಳಿದರೆ ಎಣ್ಣೆ ಎಲ್ಲಿ ಹುಡುಕಬೇಕು ಅಂತಲೂ ಸುಳಿವು ಸಿಗುತ್ತದೆ. ರಾಜಸ್ಥಾನದ ಬಾರ್ಮೇರ್ ಕೂಡ ಹಳೆಯ ರಿಫ್ಟ್. 2004ರಲ್ಲಿ ಅಲ್ಲಿ ಮಂಗಳಾ ತೈಲ ನಿಕ್ಷೇಪ ಸಿಕ್ಕಿತು. ಆ ಎಣ್ಣೆ ಕೂತಿದ್ದು ಹಳೆಯ ನದಿಗಳು ತಂದು ಹಾಕಿದ ಮರಳುಗಲ್ಲಿನ ಸಂದುಗಳಲ್ಲಿ.